ಚಂದ್ರಮೌಳಿಯವರ ಬೆಚ್ಚಗ ಬಿಲ್ಲೆ

ಚಂದ್ರಮೌಳಿಯವರು ಕೆಲಸದಲ್ಲಿದ್ದಷ್ಟು ಕಾಲವೂ ಡೆಟ್ರಾಯಿಟ್ ಸುತ್ತಮುತ್ತಲಿನ ಕಾರ್ಖಾನೆಗಳಲ್ಲಿ ಅಚ್ಚು ಮಾಡಿದವರು. ಕಾರಿನ ಬಾಗಿಲಿನೊಳಗೆ, ಸೀಟಿನ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಕೂತು ಕೆಲಸ ಮಾಡುವ ಲೋಹದ ತುಂಡುಗಳಿರುತ್ತವಲ್ಲ, ಅವುಗಳಿಗೆ ಆಕಾರ ಕೊಡುವ ಉಕ್ಕಿನ ಅಚ್ಚು. ಹೈವೇಯಲ್ಲಿ ಹೋಗುವಾಗ ಪಕ್ಕದ ಲೇನಿನಲ್ಲಿ ಹಳೆಯ ವ್ಯಾನೊಂದು ಬಂದರೆ, “ನೋಡು, ಇದರ ಬಾಗಿಲ ಕೀಲು ನಂದು” ಎಂದು ತೋರಿಸುತ್ತಿದ್ದರು.

“ಕಾಣಿಸ್ತಾನೇ ಇಲ್ವಲ್ರೀ” ಎನ್ನುತ್ತಿದ್ದರು ಹೆಂಡತಿ ಅನಸೂಯ.

“ಕಾಣಿಸಬಾರದು ಕಣೆ. ಕಂಡ್ರೆ ಬಾಗಿಲು ಕಿತ್ತು ಬಂದಿದೆ ಅಂತ ಅರ್ಥ.”

ಅವರು ಈ ವಿದ್ಯೆ ಕಲಿತಿದ್ದು ಬೆಂಗಳೂರಿನ ಜಾಲಹಳ್ಳಿಯಲ್ಲಿ, ಕೈಗಡಿಯಾರದ ಕಾರ್ಖಾನೆಯಲ್ಲಿ. ಅಲ್ಲಿ ಡಯಲ್ಲಿನ ಮೇಲೆ ಅಂಕಿ ಮೂಡಿಸುವ ಅಚ್ಚುಗಳನ್ನು ಕೆತ್ತುತ್ತಿದ್ದರು. ಮದುವೆಯಾಗಿ ಸ್ವಲ್ಪ ದಿನಕ್ಕೇ ಅನಸೂಯ ಅವರಿಗೆ ಮಿಶಿಗನ್ನಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಅವರ ವೀಸಾದ ಬೆನ್ನು ಹಿಡಿದು ಚಂದ್ರಮೌಳಿಯವರೂ ಬಂದರು. ಮಗಳು ಧೃತಿ ಇಲ್ಲೇ ಹುಟ್ಟಿ, ಓದಿ, ವಕೀಲೆಯಾಗಿ, ಈಗ ಶಿಕಾಗೋ ಕಡೆಯ ಡೌನರ್ಸ್ ಗ್ರೋವ್‌ನಲ್ಲಿ ಮನೆ ಮಾಡಿಕೊಂಡಿದ್ದಾಳೆ. ಗಂಡ ಹೆಂಡತಿ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲೇ ಉಳಿದರು.

ಇಬ್ಬರೂ ರಿಟೈರ್ ಆದ ಮೇಲೆ ಒಂದು ದಿನ ಅನಸೂಯ ತರಕಾರಿ ತರಲು ಹೋದವರು ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದುಕೊಂಡು ಮನೆಗೆ ಬಂದರು. ಹತ್ತಿರದ ಸಾಲಂಗಡಿಗಳ ಸ್ಟ್ರಿಪ್ ಮಾಲ್‌ನಲ್ಲಿ, ಲಾಂಡ್ರಿಗೂ ಕ್ಷೌರದಂಗಡಿಗೂ ನಡುವೆ, ಮುಚ್ಚಿಹೋಗಿದ್ದ ಡೋನಟ್ ಅಂಗಡಿ.

“ನನ್ನನ್ನ ಒಂದು ಮಾತು ಕೇಳಬಾರದಿತ್ತಾ?” ಅಂದರು ಚಂದ್ರಮೌಳಿ.

“ಕೇಳಿದ್ರೆ ಬೇಡ ಅಂತಿದ್ರಿ. ಬೇಡ ಅಂದ್ಮೇಲೆ ಮಾಡಿದ್ರೆ ಜಗಳ ಆಗ್ತಿತ್ತು. ಈಗ ಜಗಳ ಇಲ್ಲವಲ್ಲ?”

ಅಂಗಡಿಗೆ ‘ಬೆಳಗು’ ಎಂದು ಹೆಸರಿಟ್ಟರು. ಬೆಳಗ್ಗೆ ಇಡ್ಲಿ, ಖಾರಾಬಾತ್, ಫಿಲ್ಟರ್ ಕಾಫಿ. ಮಧ್ಯಾಹ್ನದ ಹೊತ್ತಿಗೆ ಬಾಗಿಲು ಮುಚ್ಚುವುದು. ವಾರಕ್ಕೆರಡು ದಿನ ಜೋಳದ ರೊಟ್ಟಿಯೂ ಇರುತ್ತಿತ್ತು. ಅದನ್ನು ಮಾಡಿಕೊಡುತ್ತಿದ್ದವಳು ನೀಲಗಂಗಾ, ಗದಗಿನ ಕಡೆಯ ಹುಡುಗಿ. ಗಂಡ ನಾಗರಾಜನ ಐಟಿ ಕೆಲಸಕ್ಕಾಗಿ ಬಂದು ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದವಳು. ಚಂದ್ರಮೌಳಿಯವರ ಪಾಲಿಗೆ ಬಂದಿದ್ದು ಗಲ್ಲಾಪೆಟ್ಟಿಗೆ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು, ಬಂದವರನ್ನೆಲ್ಲ ಮಾತಾಡಿಸಿಕೊಂಡು ಅವರು ಸುಖವಾಗಿಯೇ ಇದ್ದರು.

ಹೀಗಿರುವಾಗ ಸರ್ಕಾರ ಒಂದು ಸೆಂಟಿನ ಪೆನ್ನಿ ನಾಣ್ಯ ಅಚ್ಚು ಹಾಕುವುದನ್ನು ನಿಲ್ಲಿಸಿತು. ಒಂದು ಪೆನ್ನಿ ಮಾಡುವುದಕ್ಕೆ ಅದರ ಬೆಲೆಗಿಂತ ಹೆಚ್ಚು ಖರ್ಚಾಗುತ್ತದೆ ಎಂಬುದು ಕಾರಣ. ಬ್ಯಾಂಕಿಗೆ ಹೋಗಿ ಕೇಳಿದರೆ, “ಬಂದಿಲ್ಲ” ಎಂಬ ಉತ್ತರ. ‘ಬೆಳಗು’ವಿಗೆ ಬರುವವರಲ್ಲಿ ನಗದು ಕೊಡುವವರೇ ಜಾಸ್ತಿ. ಲಾಂಡ್ರಿಗೆ ಬಂದವರು ಬಟ್ಟೆ ಒಣಗುವಷ್ಟರಲ್ಲಿ ಒಂದು ಕಾಫಿಗೆಂದು ಬರುವರು, ಮಕ್ಕಳ ಮನೆಗೆ ಬಂದಿರುವ ಬೆಂಗಳೂರು ಮೈಸೂರಿನ ಹಿರಿಯರು ವಾಕಿಂಗ್ ಮುಗಿಸಿ ಬರುವರು. ಇವರಿಗೆಲ್ಲ ಮೂರು, ನಾಲ್ಕು ಸೆಂಟಿನ ಚಿಲ್ಲರೆ ಕೊಡುವುದು ಎಲ್ಲಿಂದ?

ಅನಸೂಯ ಅವರಿಗೆ ತಾವು ಚಿಕ್ಕವರಿದ್ದಾಗ ಮೈಸೂರಿನ ದಿನಸಿ ಅಂಗಡಿಯವನು ಮಾಡುತ್ತಿದ್ದ ಉಪಾಯವೇ ಹೊಳೆಯಿತು. ಚಿಲ್ಲರೆಗೆ ಬದಲು ಪೆಪ್ಪರ್‌ಮಿಂಟು. ದೊಡ್ಡ ಗಾಜಿನ ಬಾಟಲಿಯೊಂದು ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ಬಂದು ಕೂತಿತು. ಊರಿನ ಹಿರಿಯರು ಕೇಳದೆಯೇ ಕೈ ಚಾಚಿದರು, ಅವರಿಗೆ ಅಭ್ಯಾಸ. ಅಮೆರಿಕನ್ನರು ಮಾತ್ರ ಪೆಪ್ಪರ್‌ಮಿಂಟನ್ನು ಅಂಗೈಯಲ್ಲಿಟ್ಟುಕೊಂಡು ಚಂದ್ರಮೌಳಿಯವರ ಮುಖ ನೋಡುತ್ತಿದ್ದರು. ದಿನವೂ ಇಡ್ಲಿಗೆ ಬರುತ್ತಿದ್ದ ಹಲ್ಲಿನ ಡಾಕ್ಟರಮ್ಮ ಒಬ್ಬರು ಒಂದು ವಾರ ಸುಮ್ಮನಿದ್ದು, ಆಮೇಲೆ ಏಳೂ ಪೆಪ್ಪರ್‌ಮಿಂಟನ್ನು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟು, “ನಾನು ಇದನ್ನು ತಿಂದರೆ ನನ್ನ ಕ್ಲಿನಿಕ್ ಮುಚ್ಚಬೇಕಾಗುತ್ತದೆ” ಎಂದು ನಗುತ್ತಲೇ ವಾಪಸು ಮಾಡಿದರು. ಬಾಟಲಿ ಒಳಗೆ ಹೋಯಿತು.

ಚಂದ್ರಮೌಳಿಯವರಿಗೆ ಒಂದು ಹವ್ಯಾಸವಿತ್ತು. ಎಲ್ಲಿಯಾದರೂ ಹಳೆಯ ನಾಣ್ಯಗಳ ಪ್ರದರ್ಶನ ಇದೆ ಅಂದರೆ ಹೋಗಿ ನೋಡಿ ಬರುವುದು. ಕೊಳ್ಳುವವರಲ್ಲ. ಅಚ್ಚು ಹೇಗೆ ಕೆತ್ತಿದ್ದಾರೆ, ಏಟು ಸರಿಯಾಗಿ ಬಿದ್ದಿದೆಯೇ ಎಂದು ಬಗ್ಗಿ ನೋಡುವುದರಲ್ಲೇ ಅವರಿಗೆ ಖುಷಿ. ಆ ತಿಂಗಳು ಡಿಯರ್‌ಬಾರ್ನ್‌ನ ಹೋಟೆಲೊಂದರಲ್ಲಿ ಅಂಥ ಪ್ರದರ್ಶನವಿತ್ತು. ಕೊರಳಿಗೆ ಭೂತಗನ್ನಡಿ ನೇತುಹಾಕಿಕೊಂಡಿದ್ದ ವಯಸ್ಸಾದ ವ್ಯಾಪಾರಿಯೊಬ್ಬರ ಟ್ರೇಯಲ್ಲಿ ಅಂಗಿಯ ಗುಂಡಿಯಷ್ಟೇ ಇರುವ ತೆಳುವಾದ ಹಿತ್ತಾಳೆಯ ಬಿಲ್ಲೆಯೊಂದು ಕಂಡಿತು. ಒಂದು ಕಡೆ ಮೇಣದಬತ್ತಿಗಳ ಕಂತೆ. ಇನ್ನೊಂದು ಕಡೆ ಮೇಲೊಂದು, ಕೆಳಗೆರಡು, ಹೀಗೆ ಮೂರು ಇಂಗ್ಲಿಷ್ ಅಕ್ಷರ.

“ಇದು ಯಾವ ರಾಜನ ನಾಣ್ಯ?” ಎಂದು ಕೇಳಿದರು.

“ರಾಜನದಲ್ಲ, ಮೇಣದಬತ್ತಿ ಮಾರುವವನದು” ಅಂದರು ವ್ಯಾಪಾರಿ.

ಆಮೇಲೆ ಅವರು ಕುರ್ಚಿ ಎಳೆದು ಕೂರಿಸಿ ವಿವರವಾಗಿಯೇ ಹೇಳಿದರು. ಮುನ್ನೂರೈವತ್ತು ವರ್ಷಕ್ಕೂ ಹಿಂದೆ ಇಂಗ್ಲೆಂಡಿನಲ್ಲಿ ಸಣ್ಣ ಚಿಲ್ಲರೆಯೇ ಸಿಗುತ್ತಿರಲಿಲ್ಲವಂತೆ. ದೊಡ್ಡವರಿಗೆ ಬೆಳ್ಳಿ ನಾಣ್ಯವಿತ್ತು. ಒಂದು ಬನ್ನು, ಒಂದು ಮೇಣದಬತ್ತಿ ಕೊಳ್ಳುವವರಿಗೆ ಬೇಕಾದ ಪುಡಿಗಾಸನ್ನು ಯಾರೂ ಮಾಡುತ್ತಿರಲಿಲ್ಲ. ಕೊನೆಗೆ ಅಂಗಡಿಯವರೇ, ಛತ್ರದವರೇ, ಬ್ರೆಡ್ಡಿನವರೇ ತಂತಮ್ಮ ಹೆಸರಿನಲ್ಲಿ ಬಿಲ್ಲೆ ಹೊಡೆಸಿ ಚಿಲ್ಲರೆಯ ಬದಲು ಕೊಟ್ಟರು. ಓದು ಬಾರದವರಿಗೂ ಗೊತ್ತಾಗಲೆಂದು ಅದರ ಮೇಲೆ ಅಂಗಡಿಯ ಗುರುತು. ಬೀದಿಯವರೆಲ್ಲ ಒಬ್ಬರದ್ದನ್ನು ಒಬ್ಬರು ತೆಗೆದುಕೊಂಡು, ಪೆಟ್ಟಿಗೆಯಲ್ಲಿ ಬೇರೆ ಬೇರೆಯಾಗಿ ಇಟ್ಟು, ಆಮೇಲೆ ಹೊಡೆಸಿದವರ ಹತ್ತಿರವೇ ಬದಲಾಯಿಸಿಕೊಳ್ಳುತ್ತಿದ್ದರು. ಮುಂದೆ ರಾಜ ತಾನೇ ತಾಮ್ರದ ಪುಡಿಗಾಸು ಹೊರಡಿಸಿ ಇವನ್ನೆಲ್ಲ ನಿಲ್ಲಿಸಿದ.

“ಮೇಲಿನದು ಮನೆತನದ ಹೆಸರಿನ ಅಕ್ಷರ, ಕೆಳಗೆ ಎಡಕ್ಕೆ ಗಂಡನದು” ಅಂದರು ವ್ಯಾಪಾರಿ.

“ಬಲಕ್ಕೆ?”

“ಹೆಂಡತಿಯದು. ಅಂಗಡಿ ಅವಳದ್ದೂ ತಾನೆ?”

ಅದುವರೆಗೆ ಯಾವ ಪ್ರದರ್ಶನದಲ್ಲೂ ಏನೂ ಕೊಳ್ಳದಿದ್ದ ಚಂದ್ರಮೌಳಿಯವರು ಅದನ್ನು ಕೊಂಡರು. ಮನೆಗೆ ಬಂದು, ಉದ್ದಿನಬೇಳೆ ನೆನೆಹಾಕುತ್ತಿದ್ದ ಅನಸೂಯ ಅವರ ಒದ್ದೆ ಅಂಗೈ ಮೇಲೆ ಇಟ್ಟರು. ಪೂರ್ತಿ ಕಥೆ ಕೇಳಿದ ಮೇಲೆ ಅನಸೂಯ ಬಿಲ್ಲೆಯನ್ನು ದೀಪದ ಕಡೆ ಹಿಡಿದರು.

“ಪಾಪ, ಯಾರೋ ಏನೋ. ಎಷ್ಟು ಬತ್ತಿ ಅದ್ದಿ ಅದ್ದಿ ತೆಗೆದಿದ್ದಳೋ.” ಆಮೇಲೆ, “ನಿಮಗೆ ಇದು ಮಾಡೋಕೆ ಬರುತ್ತಾ?” ಎಂದು ಕೇಳಿದರು.

“ಬರುತ್ತಾ ಅಂತಾಳೆ!” ಎಂದು ಚಂದ್ರಮೌಳಿಯವರು ಆಗಲೇ ಗರಾಜಿನ ಕಡೆ ಹೊರಟಿದ್ದರು.

ಗರಾಜಿನ ಮೂಲೆಯಲ್ಲಿ ಹಳೆಯ ಬೆಡ್‌ಶೀಟು ಹೊದ್ದುಕೊಂಡಿದ್ದ ಲೇತು, ಕೈಯಿಂದ ತಿರುಗಿಸುವ ಪ್ರೆಸ್ಸು ಮತ್ತೆ ಬೆಳಕು ಕಂಡವು. ಕಾರು ಮನೆಯ ಹೊರಗೆ ಹಿಮದಲ್ಲಿ ನಿಂತಿತು. ಹಳೆಯ ಗೆಳೆಯರೊಬ್ಬರ ಕಾರ್ಖಾನೆಯಿಂದ ಹಿತ್ತಾಳೆಯ ತಗಡು ಬಂತು. ಅದರಿಂದ ಇಪ್ಪತ್ತೈದು ಸೆಂಟಿನ ಕ್ವಾರ್ಟರ್ ನಾಣ್ಯಕ್ಕಿಂತ ಚಿಕ್ಕ ಬಿಲ್ಲೆಗಳನ್ನು ಕತ್ತರಿಸಿ, ಅಂಚು ಉಜ್ಜಿ, ಪಾತ್ರೆಯಲ್ಲಿ ತುಂಬಿಟ್ಟರು. ಒಂದು ಕಡೆಗೆ ಕಾಫಿಯ ದವರಾ ಲೋಟ ಎಂದು ತೀರ್ಮಾನವಾಯಿತು. ಕಷ್ಟ ಬಂದಿದ್ದು ಅಕ್ಷರಗಳ ಕಡೆಗೆ.

“ಮೇಲೆ ಚ, ಎಡಕ್ಕೆ ಚ, ಬಲಕ್ಕೆ ಅ” ಅಂದರು ಚಂದ್ರಮೌಳಿ. ಅಮೆರಿಕದ ಕಾಗದಪತ್ರಗಳಲ್ಲಿ ಅವರ ಹೆಸರೇ ಮನೆತನದ ಹೆಸರಾಗಿಬಿಟ್ಟಿತ್ತು.

“ಮೂರರಲ್ಲಿ ಎರಡು ನಿಮ್ಮದೇ? ಬೆಳಗ್ಗೆ ಎದ್ದು ಹಿಟ್ಟು ನೋಡೋರು ಯಾರು?”

ಮೇಲಿನದು ಅಂಗಡಿಯ ‘ಬೆ’ ಎಂದಾಯಿತು. ಚಂದ್ರಮೌಳಿಯವರು ತೆಳು ಕಾಗದದ ಮೇಲೆ ಬರೆದು ತಂದು ತೋರಿಸಿದರು. ಅನಸೂಯ ಕನ್ನಡಕ ಹಾಕಿಕೊಂಡು ನೋಡಿ, “ನಂದು ಯಾಕೆ ಚಿಕ್ಕದಾಗಿದೆ?” ಅಂದರು. ಚಂದ್ರಮೌಳಿಯವರು ಹೋಗಿ ‘ಅ’ ಒಂದನ್ನೇ ಬೇರೆ ಕಾಗದದಲ್ಲಿ ದೊಡ್ಡದಾಗಿ ಬರೆದು ತಂದರು.

ಅಚ್ಚಿನಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿರಬೇಕು. ಆಗ ತಾನೆ ಹೊಡೆದಾಗ ನೆಟ್ಟಗೆ ಮೂಡುವುದು? ಅದಕ್ಕಾಗಿ ಕಾಗದವನ್ನು ಮಗುಚಿ ಉಕ್ಕಿಗೆ ಅಂಟಿಸಿ, ಅದರ ಮೇಲೇ ಉಳಿ ಆಡಿಸಬೇಕು. ಚಂದ್ರಮೌಳಿಯವರು ಮೊದಲಿನ ಕಾಗದವನ್ನು ಮಗುಚಿ ಅಂಟಿಸಿದ್ದರು. ಹೆಂಡತಿಯ ದೊಡ್ಡ ‘ಅ’ವನ್ನು ಅವಸರದಲ್ಲಿ ಹಾಗೇ ಅಂಟಿಸಿಬಿಟ್ಟರು. ಅಚ್ಚು ಗಟ್ಟಿ ಮಾಡುವ ಮೊದಲು ಚಪಾತಿ ಹಿಟ್ಟಿನ ಮೇಲೆ ಒತ್ತಿ ನೋಡುವ ರೂಢಿ ಅವರಿಗಿತ್ತು. ಅವತ್ತು ಮನೆಯಲ್ಲಿ ಚಪಾತಿ ಇರಲಿಲ್ಲ. ‘ಇಷ್ಟು ವರ್ಷ ಮಾಡಿಲ್ಲವೇ’ ಎಂದುಕೊಂಡು ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರು. ಆಮೇಲೆ ಹುರುಪಿನಲ್ಲಿ, ಒಂದನ್ನೂ ತಿರುಗಿಸಿ ನೋಡದೆ, ಒಂದು ಪಾತ್ರೆಯ ತುಂಬ ಬಿಲ್ಲೆ ಹೊಡೆದು ತಂದು ಊಟದ ಮೇಜಿನ ಮೇಲೆ ಸುರಿದರು.

ಅನಸೂಯ ಒಂದನ್ನು ಎತ್ತಿ ನೋಡಿದರು. ಇನ್ನೊಂದನ್ನು ನೋಡಿದರು.

“ಅಲ್ಲಾ ರೀ, ನಿಮ್ಮ ಚ ನೆಟ್ಟಗೆ ನಿಂತಿದೆ. ನಾನು ಯಾಕೆ ಗೋಡೆ ಕಡೆ ಮುಖ ಮಾಡ್ಕೊಂಡು ನಿಂತಿದ್ದೀನಿ?”

ಚಂದ್ರಮೌಳಿಯವರ ಮುಖ ಇಳಿದುಹೋಯಿತು. ಇಷ್ಟು ವರ್ಷದ ಕೆಲಸದಲ್ಲಿ ಒಂದು ಕೂದಲೆಳೆಯಷ್ಟು ಆಚೀಚೆಯಾದರೂ ನಿದ್ದೆ ಮಾಡದವರು ಅವರು. “ಎಲ್ಲ ಕರಗಿಸಿಬಿಡ್ತೀನಿ. ಹೊಸ ಅಚ್ಚು ಮಾಡ್ತೀನಿ” ಎಂದು ಬಿಲ್ಲೆಗಳನ್ನು ಬಾಚತೊಡಗಿದರು. ಅನಸೂಯ ಮಾತ್ರ ನಗುತ್ತಲೇ ಇದ್ದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಒಂದು ವಾರ ಕೊಟ್ಟು ನೋಡೋಣ, ಇರಿ. ಹೊಸದು ಬರೋ ತನಕ ಪೆಪ್ಪರ್‌ಮಿಂಟು ಕೊಡ್ತೀರಾ?”

ಮರುದಿನ ರೊಟ್ಟಿಯ ಡಬ್ಬಿ ಹೊತ್ತುಕೊಂಡು ಬಂದ ನೀಲಗಂಗಾಳಿಗೇ ಮೊದಲ ಬಿಲ್ಲೆ ಸಿಕ್ಕಿತು. ಅವಳು ಅದನ್ನು ಕಣ್ಣ ಹತ್ತಿರ ತಂದು ಜೋಡಿಸಿ ಓದಿದಳು.

“ಬೆ… ಚ… ಇದೇನ್ರೀ ಅಂಕಲ್, ಕಡೀದು ಗ ಏನು? ಬೆಚ್ಚಗ! ಕಾಫಿಗೆ ಬೆಚ್ಚಗ ಅಂತ ಬರ್ದೀರಿ. ಭಾಳ ಛಲೋ ಆತ್ ನೋಡ್ರಿ!”

ಚಂದ್ರಮೌಳಿಯವರು ಬಾಯಿ ತೆರೆದರು. ಅಡುಗೆಮನೆಯ ಕಿಟಕಿಯಿಂದ ಅನಸೂಯ ಸನ್ನೆ ಮಾಡಿದರು. ಅವರು ಬಾಯಿ ಮುಚ್ಚಿದರು. ಅವತ್ತು ಅಂಗಡಿ ಮುಚ್ಚುವುದರೊಳಗೆ ಬಿಲ್ಲೆಗೆ ‘ಬೆಚ್ಚಗ’ ಎಂಬ ಹೆಸರೇ ನಿಂತಿತು. ಚಿಲ್ಲರೆ ಇಲ್ಲದಾಗ ಒಂದು ಬೆಚ್ಚಗ; ಹತ್ತು ಬೆಚ್ಚಗ ತಂದವರಿಗೆ ಒಂದು ಲೋಟ ಕಾಫಿ. ಹಲ್ಲಿನ ಡಾಕ್ಟರಮ್ಮ ಕೂಡ “ಬೆಚಗಾ” ಎಂದು ಕೇಳಿ ಪಡೆಯುತ್ತಿದ್ದರು. ಹೊಸ ಅಚ್ಚಿನ ಮಾತು ಮತ್ತೆ ಬರಲಿಲ್ಲ.

ಚಳಿಗಾಲ ಬಲವಾದಂತೆ ಬೆಚ್ಚಗ ಅಂಗಡಿಯ ಹೊಸ್ತಿಲು ದಾಟಿತು. ಪಕ್ಕದ ಲಾಂಡ್ರಿಯ ಮಾಲೀಕ ಸಲ್ವಾನ್ ಇರಾಕಿನಿಂದ ಬಂದವನು, ಹೊತ್ತುಹೊತ್ತಿಗೂ ಅನಸೂಯ ಅವರ ಕಾಫಿ ಬೇಕು. ಅವನ ಗಿರಾಕಿಗಳು ಚಿಲ್ಲರೆಗೆ ಬದಲು ಬೆಚ್ಚಗ ಚಾಚಿದರೆ ಅವನು ತೆಗೆದುಕೊಂಡ, ಹೇಗೂ ತಾನು ಕಾಫಿ ಕುಡಿಯುತ್ತೇನಲ್ಲ ಎಂದು. ಆಮೇಲೆ ಅವನೂ ಅದನ್ನೇ ಚಿಲ್ಲರೆಯಾಗಿ ಕೊಡತೊಡಗಿದ. ಇನ್ನೊಂದು ಪಕ್ಕದ ಕ್ಷೌರದವನು ಅದನ್ನು ಟಿಪ್ಪಿನ ಡಬ್ಬಿಗೆ ಹಾಕಿಸಿಕೊಂಡ. ಒಂದು ಬೆಳಗ್ಗೆ ಚಂದ್ರಮೌಳಿಯವರು ಗುರುತೇ ಇಲ್ಲದ ಮನುಷ್ಯನೊಬ್ಬ ಪೆಟ್ರೋಲ್ ಬಂಕಿನಲ್ಲಿ ಜೇಬಿನಿಂದ ಬೆಚ್ಚಗ ತೆಗೆದು ಕೊಡುವುದನ್ನು ಕಂಡರು. ಕ್ಯೂನಲ್ಲಿ ಹಿಂದೆ ನಿಂತಿದ್ದ ಅವರಿಗೆ ‘ಅದು ನಂದು’ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಕಾರಿನೊಳಗೆ ಬಂದು ಕೂತರು. ಆಮೇಲೆ ಅನಸೂಯ ಅವರಿಗೆ ಫೋನ್ ಮಾಡಿ, “ಇವತ್ತು ಕಾಣಿಸ್ತು ಕಣೆ!” ಅಂದರು.

“ಏನು ಕಾಣಿಸ್ತು? ಬೇಗ ಬನ್ನಿ, ಹಾಲು ಮುಗೀತಾ ಇದೆ.”

ಕ್ರಿಸ್‌ಮಸ್ ರಜೆಗೆ ಧೃತಿ ಬಂದಳು. ಬೆಳಗ್ಗೆ ಅಪ್ಪನ ಪಕ್ಕ ಕೂತು ಕಾಫಿ ಕುಡಿಯುತ್ತ ಎಲ್ಲವನ್ನೂ ನೋಡಿದಳು. ಸಲ್ವಾನ್ ಒಂದು ಚೀಲದ ತುಂಬ ಬೆಚ್ಚಗ ತಂದು, “ಅಂಕಲ್, ಇದಕ್ಕೆ ಡಾಲರ್ ಕೊಡಿ” ಎಂದಾಗ ಅವಳು ಕಪ್ಪು ಕೆಳಗಿಟ್ಟಳು.

“ವೇಟ್, ವೇಟ್. ಅಪ್ಪ, ಇದು ಯು ಕಾಂಟ್ ಡೂ.”

“ಯಾಕಮ್ಮ?”

“ನಿಮ್ಮ ಶಾಪ್‌ನಲ್ಲಿ ಕಾಫಿಗೆ ಕೊಟ್ಟರೆ ಇದು ಕೂಪನ್. ಪರವಾಗಿಲ್ಲ. ಬೇರೆ ಶಾಪ್‌ನವರೆಲ್ಲ ದುಡ್ಡಿನ ಥರ ತಗೊಂಡು, ನೀವು ಡಾಲರ್ ಕೊಟ್ಟರೆ, ಇದು ದುಡ್ಡೇ. ದುಡ್ಡು ಮಾಡೋದು ಸರ್ಕಾರದ ಕೆಲಸ. ನಿಮ್ಮದಲ್ಲ.”

“ಆ ರಾಜನೂ ಹೀಗೇ ನಿಲ್ಲಿಸಿದನಂತೆ” ಅಂದರು ಚಂದ್ರಮೌಳಿ, ಸಣ್ಣ ಧ್ವನಿಯಲ್ಲಿ.

“ಯಾವ ರಾಜ?”

ಮಗಳಿಗೂ ಸಲ್ವಾನನಿಗೂ ಅವರು ಡಿಯರ್‌ಬಾರ್ನ್‌ನಲ್ಲಿ ಕೇಳಿದ್ದನ್ನೆಲ್ಲ ಹೇಳಿದರು. ಧೃತಿಗೆ ನಗು ಬಂದರೂ ಮಾತು ಬದಲಾಗಲಿಲ್ಲ: ಬೆಚ್ಚಗ ‘ಬೆಳಗು’ವಿನಲ್ಲಿ ಮಾತ್ರ, ಕಾಫಿಗೆ ಮಾತ್ರ. ಸಲ್ವಾನ್ ಚೀಲವನ್ನು ನೋಡಿ, “ಇಷ್ಟು ಕಾಫಿ ನಾನೊಬ್ಬನೇ ಕುಡೀಬೇಕಾ?” ಎಂದ. ಮನೆಯವರನ್ನೆಲ್ಲ ಕರೆದುಕೊಂಡು ಬಾ ಎಂದರು ಅನಸೂಯ. ಭಾನುವಾರ ಅವನು ನಿಜವಾಗಿಯೂ ಬಂದ. ತಾಯಿ, ಅತ್ತಿಗೆಯರು, ಚಿಕ್ಕಪ್ಪಂದಿರು, ಅವರ ಮಕ್ಕಳು, ಎಲ್ಲರೂ. ಕುರ್ಚಿ ಸಾಲದೆ ಲಾಂಡ್ರಿಯ ಬೆಂಚುಗಳನ್ನು ಎತ್ತಿ ತಂದರು. ಚೀಲ ಬರಿದಾಗುವುದರೊಳಗೆ ಡಿಕಾಕ್ಷನ್ ಮುಗಿದುಹೋಯಿತು. ಅನಸೂಯ ಚಹಾ ಮಾಡಿ ಹಂಚಿದರು. ಸಲ್ವಾನನ ತಾಯಿ ಹೊರಡುವಾಗ ಖರ್ಜೂರ ತುಂಬಿದ ಕುಕಿಯ ಡಬ್ಬಿಯನ್ನು ಅನಸೂಯ ಅವರ ಕೈಗಿಟ್ಟು, ಎರಡೂ ಕೆನ್ನೆಗೆ ಮುತ್ತು ಕೊಟ್ಟರು.

ಅವತ್ತು ಸಾಯಂಕಾಲ ಬೆಂಚುಗಳನ್ನು ಲಾಂಡ್ರಿಗೆ ವಾಪಸು ಸಾಗಿಸುವಾಗ ಸಲ್ವಾನ್ ಕೇಳಿದ: “ಅಂಕಲ್, ನಿಮ್ಮದು ನಾನು ತಗೋಬಾರದು, ಸರಿ. ನನ್ನ ಅಂಗಡಿಗೆ ನನ್ನದೇ ಒಂದು ಮಾಡಿಕೊಡಬಹುದಲ್ಲ?”

ಚಂದ್ರಮೌಳಿಯವರು ಮಗಳ ಕಡೆ ನೋಡಿದರು. ಧೃತಿ ಸ್ವಲ್ಪ ಯೋಚಿಸಿ, “ಅವರ ಲಾಂಡ್ರಿಯಲ್ಲಿ ಮಾತ್ರ ಅಂದ್ರೆ, ಫೈನ್” ಎಂದಳು.

ಜನವರಿಯಲ್ಲಿ ಗರಾಜಿನ ದೀಪ ಆರಿದ್ದೇ ಕಮ್ಮಿ. ಸಲ್ವಾನನ ಬಿಲ್ಲೆಯ ಮೇಲೆ ಕಾಲರಿರುವ ಅಂಗಿ ಮೂಡಿತು, ಹಿಂದೆ ಅವನದೂ ಹೆಂಡತಿಯದೂ ಅಕ್ಷರ. ಕ್ಷೌರದವನಿಗೆ ಕತ್ತರಿ. ಮೂಲೆಯ ಹೂವಿನಂಗಡಿಯ ಹೆಂಗಸಿಗೆ ಟ್ಯುಲಿಪ್. ಅವಳಿಗೆ ಗಂಡನಿರಲಿಲ್ಲ, ತನ್ನ ಅಕ್ಷರದ ಪಕ್ಕ ಬೆಕ್ಕಿನ ಹೆಸರಿನ ಅಕ್ಷರ ಹಾಕಿಸಿಕೊಂಡಳು. ಪ್ರತಿಯೊಂದು ಅಚ್ಚನ್ನೂ ಚಂದ್ರಮೌಳಿಯವರು ಮೊದಲು ಚಪಾತಿ ಹಿಟ್ಟಿಗೆ ಒತ್ತಿ ನೋಡಿದರು. ಅನಸೂಯ ದಿನವೂ ಹಿಟ್ಟು ಕಲಸಿಕೊಟ್ಟರು. ಅಂಗಿ, ಕತ್ತರಿ, ಟ್ಯುಲಿಪ್ಪಿನ ಗುರುತು ಬಿದ್ದ ಚಪಾತಿಗಳನ್ನೇ ಇಬ್ಬರೂ ರಾತ್ರಿ ಊಟಕ್ಕೆ ತಿಂದರು.

ಆ ಹೊತ್ತಿಗೇ ನಾಗರಾಜನಿಗೆ ಶಿಕಾಗೋ ಕಡೆ ಕೆಲಸ ಬದಲಾಗಿ, ನೀಲಗಂಗಾ ಹಾಫ್‌ಮನ್ ಎಸ್ಟೇಟ್ಸಿಗೆ ಹೊರಟಳು. ಹೋಗುವಾಗ ಅನಸೂಯ ಅವರನ್ನು ತಬ್ಬಿಕೊಂಡು ಅತ್ತಳು. ಹೋದ ಮೇಲೆ ವಾರಕ್ಕೊಮ್ಮೆ ಫೋನು. ಮಾರ್ಚಿನಲ್ಲಿ ಬಂದ ಫೋನಿನಲ್ಲಿ ಬೇರೆ ಹುರುಪಿತ್ತು. ಮನೆಯಲ್ಲೇ ಅಡುಗೆ ಮಾಡಿ ಮಾರುವುದಕ್ಕೆ ಅಲ್ಲಿಯ ಲೈಸೆನ್ಸಿಗೆ ಅಪ್ಲೈ ಮಾಡಿದ್ದಳು, ಸಿಕ್ಕಿತ್ತು. ಇನ್ನು ಸ್ವಂತ ರೊಟ್ಟಿ ವ್ಯಾಪಾರ.

“ಅಂಕಲ್, ನನಗೂ ಒಂದು ಬಿಲ್ಲೆ ಬೇಕ್ರಿ.”

“ಗುರುತು ಏನು ಹಾಕಲಿ? ರೊಟ್ಟಿನಾ?”

“ಹೌದ್ರಿ, ರೊಟ್ಟಿನೇ.”

“ರೊಟ್ಟಿ ದುಂಡಗೆ, ಬಿಲ್ಲೆನೂ ದುಂಡಗೆ. ಕೆತ್ತೋಕೆ ಏನಿದೆಯಮ್ಮ ಅದರಲ್ಲಿ?”

“ಹಂಗಂದ್ರ ಹೆಂಗ್ರಿ? ರೊಟ್ಟಿ ಮ್ಯಾಲೆ ಸುಟ್ಟ ಚುಕ್ಕಿ ಇರ್ತಾವಲ್ಲ, ಅವನ್ನ ಹಾಕ್ರಿ. ಮತ್ತ ಹಿಂದ ನಂದೊಂದೇ ಅಕ್ಷರ. ನಮ್ಮನಿಯವ್ರು ಹಿಟ್ಟಿಗೆ ಕೈ ಹಚ್ಚಂಗಿಲ್ಲ.”

ಏಪ್ರಿಲ್‌ನಲ್ಲಿ ರಸ್ತೆಯ ಹಿಮ ಕರಗಿದ ಮೇಲೆ ಗಂಡ ಹೆಂಡತಿ ‘ಬೆಳಗು’ವಿಗೆ ಎರಡು ದಿನ ರಜೆ ಹಾಕಿ ಕಾರು ಹತ್ತಿದರು. ಡೌನರ್ಸ್ ಗ್ರೋವ್‌ನಲ್ಲಿ ಮಗಳ ಮನೆಯಲ್ಲಿ ಉಳಿದು, ಮರುದಿನ ಅವಳನ್ನೂ ಕೂರಿಸಿಕೊಂಡು ಹಾಫ್‌ಮನ್ ಎಸ್ಟೇಟ್ಸಿಗೆ ಹೋದರು. ನೀಲಗಂಗಾಳ ಮನೆಯೊಳಗೆ ಕಾಲಿಡುತ್ತಲೇ ಜೋಳದ ಹಿಟ್ಟಿನ ಬಿಸಿ ವಾಸನೆ. ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು, ಎಲ್ಲ ಸಿದ್ಧವಾಗಿತ್ತು. ಚಂದ್ರಮೌಳಿಯವರು ಬಟ್ಟೆಯ ಚೀಲ ಬಿಚ್ಚಿ ಬಿಲ್ಲೆಗಳನ್ನು ಮೇಜಿನ ಮೇಲೆ ಹರಡಿದರು. ಒಂದು ಕಡೆ ಚುಕ್ಕಿ ಚುಕ್ಕಿ ಬಿದ್ದ ರೊಟ್ಟಿ, ಇನ್ನೊಂದು ಕಡೆ ಅಂಕುಡೊಂಕಿಲ್ಲದ ಒಂದು ‘ನೀ’.

ನೀಲಗಂಗಾ ಒಂದನ್ನು ಎತ್ತಿ ಸೆರಗಿನಿಂದ ಒರೆಸಿದಳು. ಇನ್ನೊಮ್ಮೆ ಒರೆಸಿದಳು.

ಲ್ಯಾಪ್‌ಟಾಪ್ ಮುಚ್ಚಿಟ್ಟು ಬಂದ ನಾಗರಾಜ ಹೆಂಡತಿಯ ಭುಜದ ಮೇಲಿಂದ ಬಗ್ಗಿ ನೋಡಿದ. “ಅಂಕಲ್, ‘ನೀ’ ಪಕ್ಕಕ್ಕ ಭಾಳ ಜಾಗ ಖಾಲಿ ಐತಲ್ರಿ?”

“ಬಿಟ್ಟಿದ್ದೀನಪ್ಪ” ಅಂದರು ಚಂದ್ರಮೌಳಿ. “ಅಚ್ಚನ್ನ ಮತ್ತೆ ಕಾಯಿಸಿ ಮೆತ್ತಗೆ ಮಾಡಿದ್ರೆ ಆಮೇಲೂ ಒಂದಕ್ಷರ ಸೇರಿಸಬಹುದು. ಅದು ನಿನ್ನ ಹೆಂಡತಿ ಹೇಳಬೇಕು.”

ನಾಗರಾಜ ನೀಲಗಂಗಾಳ ಮುಖ ನೋಡಿದ. ಅವಳು ಮೂಲೆಯಲ್ಲಿದ್ದ ಹಿಟ್ಟು ನಾದುವ ಕೊಣಮಿಗೆಯನ್ನು ಅವನ ಕಡೆ ತಳ್ಳಿದಳು.

“ಮೊದಲ ನಾದ್ರಿ. ಆಮ್ಯಾಲೆ ನೋಡೂಣು.”

ಎಲ್ಲರೂ ನೋಡುತ್ತಿದ್ದಂತೆಯೇ ಅವನು ಅಂಗಿಯ ತೋಳು ಮಡಚಿ ಹಿಟ್ಟಿಗೆ ಕೈ ಹಾಕಿದ. ಹಿಟ್ಟಿಗೆ ಹುಯ್ದಿದ್ದ ಬಿಸಿ ನೀರು ತಾಗಿ ಒಮ್ಮೆ ಕೈ ಜಾಡಿಸಿ, ಊದಿಕೊಂಡು, ಮತ್ತೆ ಹಾಕಿದ. ಧೃತಿ ಫೋನ್ ಹಿಡಿದು ವಿಡಿಯೋ ಮಾಡಿದಳು. ಅನಸೂಯ ಪಕ್ಕದಲ್ಲಿ ಕೂತು, “ಅಂಗೈಯಿಂದ ಒತ್ತಪ್ಪ, ಬೆರಳಿಂದ ಅಲ್ಲ” ಎಂದು ಹೇಳಿಕೊಟ್ಟರು. ಬಹಳ ಹೊತ್ತು ತಟ್ಟಿದ ಮೇಲೆ ಅವನ ಮೊದಲ ರೊಟ್ಟಿ ಹಂಚಿನ ಮೇಲೆ ಬಿತ್ತು. ಒಂದು ಕಡೆ ಹೆಬ್ಬೆರಳಿನ ಹಾಗೆ ಚಾಚಿಕೊಂಡು, ಥೇಟ್ ಕೈಗವಸಿನಾಕಾರದ ಮಿಶಿಗನ್ ರಾಜ್ಯದ ನಕ್ಷೆಯ ಹಾಗಿತ್ತು. ನಕ್ಕು ನಕ್ಕು ನೀಲಗಂಗಾ ಗೋಡೆಗೆ ಒರಗಿದಳು. ಚಂದ್ರಮೌಳಿಯವರು ಅದನ್ನೇ ತಮ್ಮ ತಟ್ಟೆಗೆ ಹಾಕಿಸಿಕೊಂಡು, ಬೆಣ್ಣೆ ಸವರಿ, ಒಂದು ಚೂರೂ ಬಿಡದೆ ತಿಂದು, ಇನ್ನೊಂದು ತಟ್ಟು ಎಂದರು.